ಭಾವ ಕಟ್ಟಿದ ನಾಣ್ಯ

ನಮ್ಮ ಕುಡಚಿಯ ಮನೆಗಳಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಮನೆಯ ಹಿರಿಯರು ಒಂದು ನಾಣ್ಯವನ್ನು ಹಸಿರು ಬಟ್ಟೆಯ ಪಟ್ಟಿಯಲ್ಲಿ ಸುತ್ತಿ ಹೊರಟವರ ಬಲತೋಳಿಗೆ ಕಟ್ಟುತ್ತಾರೆ. ಇಮಾಮ್ ಜಾಮಿನ್ ಎಂದು ಅದರ ಹೆಸರು. ದಾರಿಯುದ್ದಕ್ಕೂ ಇಮಾಮರು ನಿನಗೆ ಜಾಮೀನು ನಿಂತಿದ್ದಾರೆ, ಕ್ಷೇಮವಾಗಿ ಮುಟ್ಟು ಎಂದು ಹಾರೈಕೆ. ಮುಟ್ಟಿದ ಮೇಲೆ ಗಂಟು ಬಿಚ್ಚಿ ಆ ನಾಣ್ಯವನ್ನು ಬಡವರಿಗೆ ದಾನ ಕೊಡಬೇಕು. ಕೊಟ್ಟಾಗಲೇ ಪ್ರಯಾಣ ಮುಗಿದ ಲೆಕ್ಕ. ಮಸ್ಕತ್ತಿಗೆ ಹೋಗುವಾಗಲೆಲ್ಲ ನಾನು ಅದನ್ನು ಕಟ್ಟಿಸಿಕೊಂಡಿದ್ದೇನೆ, ಅಲ್ಲಿ ಇಳಿದ ಮೇಲೆ ಮಸೀದಿಯ ಮುಂದೆ ಕುಳಿತ ಯಾರಿಗೋ ಕೊಟ್ಟು ಮರೆತಿದ್ದೇನೆ. ಒಂದೇ ಒಂದು ನಾಣ್ಯವನ್ನು ಮಾತ್ರ ನಾನು ಮರೆಯಲಿಲ್ಲ. ಅದನ್ನು ವರ್ಷಕ್ಕಿಂತ ಹೆಚ್ಚು ಕಾಲ ತೋಳಿನ ಮೇಲೆ, ಆಮೇಲೆ ಹೊಲಿಗೆ ಡಬ್ಬಿಯಲ್ಲಿ ಜೋಪಾನ ಮಾಡಿದೆ. ಅದು ಯಾರಿಗೆ ಸೇರಬೇಕೆಂದು ನನಗೆ ಗೊತ್ತಿತ್ತು.

ನನ್ನ ಗಂಡ ಮಸ್ಕತ್ತಿನ ಒಂದು ಗೋದಾಮಿನಲ್ಲಿ ಸೂಪರ್‌ವೈಜರ್. ನಾನು ಅಲ್ಲಿ ಮನೆಯಲ್ಲೇ ಕುಳಿತು ಅಬಾಯಾ, ಅಂದರೆ ಅಲ್ಲಿನ ಹೆಂಗಸರ ಉದ್ದ ನಿಲುವಂಗಿ ಹೊಲಿಯುತ್ತೇನೆ. ನಮಗೊಬ್ಬಳು ಮಗಳು. ಕೊರೊನಾ ಬಂದ ವರ್ಷ ಚಳಿ ಮುಗಿಯುವ ಹೊತ್ತಿಗೆ, ಊರಿನಲ್ಲಿ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗಳ ಪರೀಕ್ಷೆ ಇತ್ತು. ಅವಳನ್ನು ಅವಳ ಅಪ್ಪನ ಹತ್ತಿರ ಬಿಟ್ಟು, ಹದಿನೈದು ದಿನದಲ್ಲಿ ಬರುತ್ತೇನೆ ಎಂದು ಹೇಳಿ ನಾನೊಬ್ಬಳೇ ಬಂದೆ. ಅವಳಿಗೆ ಆಗ ಹನ್ನೊಂದು ವರ್ಷ. ಮಿರಜಿನಲ್ಲಿ ಅತ್ತೆಗೆ ಆಪರೇಷನ್ ಆಗಿ ಮನೆಗೆ ಕರೆತಂದು ಮಂಚದ ಮೇಲೆ ಮಲಗಿಸಿದ್ದೆವು, ಅಷ್ಟರಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ವಿಮಾನ ನಿಂತವು, ರೈಲು ನಿಂತವು, ನಮ್ಮ ಸ್ಟೇಷನ್ನಿನಲ್ಲಿ ನಾಯಿಗಳು ಹಳಿಯ ಮೇಲೆ ಮಲಗಿದವು.

ಈಗ ಭಾವನ ವಿಷಯ. ನನ್ನ ಗಂಡನ ಅಣ್ಣ. ಮಾವ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ಮನಸ್ಸಿನಲ್ಲಿ ನಾನು ಅವರನ್ನು ಏಕವಚನಕ್ಕೆ ಇಳಿಸಿ ಕಾಲವಾಯಿತು. ಆದರೂ ಇಲ್ಲಿ ಬಹುವಚನವನ್ನೇ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಮರ್ಯಾದೆ ಕೊಟ್ಟು ಹೊಡೆದ ಏಟು ಚೆನ್ನಾಗಿ ಕೂರುತ್ತದೆ. ಸ್ಟೇಷನ್ ರಸ್ತೆಯಲ್ಲಿ ಅವರ ಚಪ್ಪಲಿ ಅಂಗಡಿ. ಅಥಣಿಯಿಂದ ಕೈಯಲ್ಲಿ ಮಾಡಿದ ಚಪ್ಪಲಿ ತರಿಸಿ ಮಾರುತ್ತಾರೆ. ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಮೊದಲು ಅಂಗಡಿಯ ಮುಂದೆ ಫಕೀರರು, ಬಡ ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಭಾವ ಚಪ್ಪಲಿಯ ಖಾಲಿ ಡಬ್ಬಿಯಲ್ಲಿ ಚಿಲ್ಲರೆ ತುಂಬಿಕೊಂಡು ಗಲ್ಲೆಯ ಮೇಲೆ ಕುಳಿತು ಒಬ್ಬೊಬ್ಬರಿಗೂ ಒಂದೊಂದು ನಾಣ್ಯ ಕೊಡುತ್ತಾರೆ. ಕೊಡುತ್ತಾರೆ ಎಂದರೆ ಸುಮ್ಮನೆ ಕೊಡುವುದಿಲ್ಲ. ನಾಣ್ಯವನ್ನು ಎರಡು ಬೆರಳಿನ ನಡುವೆ ಹಿಡಿದು ಕೈ ಚಾಚಿ, "ದುವಾ?" ಎನ್ನುತ್ತಾರೆ. ಎದುರಿಗಿದ್ದವರು "ಅಲ್ಲಾ ಸಲಾಮತ್ ರಖೇ" ಎನ್ನಬೇಕು. ದೇವರು ನಿಮ್ಮನ್ನು ಸುಖವಾಗಿಡಲಿ ಎಂದು. ದನಿ ಸಣ್ಣದಾದರೆ "ಜೋರ್ಲೆ" ಎನ್ನುತ್ತಾರೆ. ಅಕ್ಕಪಕ್ಕದ ಅಂಗಡಿಯವರಿಗೆ ಕೇಳಿದ ಮೇಲೇ ಬೆರಳು ಸಡಿಲಾಗುವುದು. ದಾನವನ್ನು ತೂಗಿ ಮಾರುವವರನ್ನು ನಾನು ಅವರೊಬ್ಬರನ್ನೇ ನೋಡಿದ್ದು.

ಅವರ ಹೆಂಡತಿಗೆ, ಅಂದರೆ ನನ್ನ ಓರಗಿತ್ತಿಗೆ ಮೊಣಕಾಲು ನೋವು. ಕೆಲಸ ಕಂಡಾಗ ಏರುವ, ಊಟದ ಹೊತ್ತಿಗೆ ಇಳಿಯುವ ನೋವು. ಹೀಗಾಗಿ ಅತ್ತೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಇಡೀ ಮನೆಗೆ ರೊಟ್ಟಿ ಬಡಿಯುವುದು ಎಲ್ಲವೂ ನನ್ನ ಪಾಲಿಗೆ ಬಂತು. ಅತ್ತೆಯ ಸೇವೆಗೆ ನನಗೆ ಬೇಸರವಿರಲಿಲ್ಲ. ಅವರು ಅಥಣಿ ಕಡೆಯ ಹೆಣ್ಣು, ಬಾಯಿ ಖಾರ, ಮನಸ್ಸು ಹೂವು. ಮನೆಯಲ್ಲಿ ಎಲ್ಲರೂ ದಖನಿ ಉರ್ದುವಿನಲ್ಲಿ ಮಾತಾಡಿದರೆ ಅವರು ಕನ್ನಡದಲ್ಲೇ ಬೈಯುತ್ತಿದ್ದರು, ಅವರ ಜೊತೆ ನಮ್ಮದೂ ಕನ್ನಡವೇ ಆಗುತ್ತಿತ್ತು. ಬೇಸರವಿದ್ದದ್ದು ಭಾವನ ಮಾತಿಗೆ. ನಾನು ಹೊರಡುವ ಸುದ್ದಿ ಎತ್ತಿದಾಗಲೆಲ್ಲ ಅವರು, ತಮ್ಮನ ಹೆಂಡತಿಯನ್ನು ನಮ್ಮಲ್ಲಿ ಕರೆಯುವ ಹಾಗೆ ದುಲ್ಹನ್ ಎಂದು ಕರೆದು, "ಎಲ್ಲಾ ಅಲ್ಲಾನ ಮರ್ಜಿ, ದುಲ್ಹನ್. ಅವ್ವನ ಸೇವಾದಾಗ ಜನ್ನತ್ ಐತಿ" ಎನ್ನುತ್ತಿದ್ದರು. ಹಾಗಾದರೆ ಆ ಸ್ವರ್ಗ ದೊಡ್ಡ ಮಗನಿಗೆ ಯಾಕೆ ಬೇಡವಾಗಿತ್ತೋ ನಾನು ಕೇಳಲಿಲ್ಲ.

ನನ್ನ ಸಂಕಟ ಬೇರೆ ಇತ್ತು. ಮಸ್ಕತ್ತಿನ ವೀಸಾ ಇದ್ದವರು ಆರು ತಿಂಗಳು ಹೊರಗೆ ಉಳಿದರೆ ವೀಸಾ ಸತ್ತುಹೋಗುತ್ತದೆ. ಮೊದಲು ಅದೇ ನಿಯಮ ಎಂದರು. ಆಮೇಲೆ ಕೊರೊನಾ ಕಾಲಕ್ಕೆ ಅದು ಲಾಗೂ ಇಲ್ಲ ಎಂದರು. ಆಮೇಲೆ, ಇಲ್ಲ ಎಂದು ಯಾರು ಹೇಳಿದ್ದು ಎಂದರು. ಒಳಗೆ ಬರಲು ಮೊದಲೇ ಪರವಾನಗಿ ಬೇಕು ಎಂದರು, ಪರವಾನಗಿಗೆ ಅರ್ಜಿ ಹಾಕಿದರೆ ಉತ್ತರವಿಲ್ಲ. ಫೋನಿನಲ್ಲಿ ನಮ್ಮಂತೆ ಊರಿನಲ್ಲಿ ಸಿಕ್ಕಿಬಿದ್ದವರ ಒಂದು ಗುಂಪಿತ್ತು. ಮುಂಜಾನೆ ಒಬ್ಬರು ಸಿಹಿಸುದ್ದಿ ಹಾಕಿದರೆ ಸಂಜೆ ಇನ್ನೊಬ್ಬರು ಅದು ಸುಳ್ಳು ಎಂದು ಹಾಕುತ್ತಿದ್ದರು. ಮೂಗಿಗೆ ತುಪ್ಪ ಸವರುವುದು ಎಂದರೆ ಏನೆಂದು ಆ ವರ್ಷ ತಿಳಿಯಿತು. ಹೊರಗಿನ ಗಡಿ ಹಾಗಿದ್ದರೆ ಮನೆಯ ಪಕ್ಕದ ಗಡಿಯೂ ಹಾಗೇ. ಕಾಗವಾಡ ದಾಟಿದರೆ ಮಹಾರಾಷ್ಟ್ರದ ಮಿರಜ್. ಹೆರಿಗೆಯಿಂದ ಹಿಡಿದು ಹಲ್ಲುನೋವಿನ ತನಕ ನಾವು ಓಡುವುದೇ ಅಲ್ಲಿಗೆ. ಈಗ ಅಲ್ಲಿ ಬಿದಿರಿನ ಅಡ್ಡಗಟ್ಟೆ ಹಾಕಿ "ಪಾಸ್ ಆಹೇ ಕಾ?" ಎಂದು, ಪಾಸ್ ಇದೆಯೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಮಸ್ಕತ್ತಿನಲ್ಲಿ ಇಷ್ಟು ವರ್ಷ ಪರದೇಶಿಯಾಗಿದ್ದು ಸಾಲದು ಎಂದು ಕಾಗವಾಡದಲ್ಲೂ ಪರದೇಶಿಯಾದೆ.

ಇನ್ನೊಂದು ಸಂಗತಿಯೂ ಕುತ್ತಿಗೆಗೆ ಬಂದಿತ್ತು. ಗೋದಾಮಿನಲ್ಲಿ ನನ್ನ ಗಂಡನ ಸಂಬಳ ಕಡಿಮೆ ಮಾಡಿದ್ದರು. ಇಂತಿಷ್ಟು ಸಂಬಳ ಇದ್ದವರಿಗೇ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ. ನನ್ನ ಹಳೆಯ ವೀಸಾ ಇರುವ ತನಕ ಸರಿ, ಅದು ಸತ್ತರೆ ಹೊಸದು ಸಿಗುವುದಿಲ್ಲ. ಆಗ ಮಗಳು ಅಲ್ಲಿ, ನಾನು ಇಲ್ಲಿ. ಇಲ್ಲವೇ ಅವಳ ಶಾಲೆ ಬಿಡಿಸಿ ಇಲ್ಲಿಗೆ ತರಬೇಕು. ಭಾವನಿಗೆ ಇದೆಲ್ಲ ಗೊತ್ತಿತ್ತು. ಸಂಜೆ ಚಹಾ ಕುಡಿಯುತ್ತ ನಿಯಮ ಏನಾಯಿತು ಎಂದು ಕಾಳಜಿಯಿಂದ ಕೇಳುತ್ತಿದ್ದರು, ನಾನು ಹುಚ್ಚಿಯ ಹಾಗೆ ಎಲ್ಲವನ್ನೂ ಹೇಳುತ್ತಿದ್ದೆ. ಬಾಯಿ ಬೆಲ್ಲ, ಕರುಳು ಕತ್ತರಿ ಎಂಬ ಮಾತನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದವಳು. ಆದರೂ ಕತ್ತರಿಯ ಕೆಲಸದವಳಿಗೆ ಮನೆಯಲ್ಲಿದ್ದ ಕತ್ತರಿ ಕಾಣಲಿಲ್ಲ.

ಮಳೆಗಾಲದ ನಡುವೆ ಪರವಾನಗಿ ಬಂತು. ಮುಂಬಯಿಯಿಂದ ಒಂದು ವಿಶೇಷ ವಿಮಾನ, ಆ ವಿಮಾನಕ್ಕೆ ಮಾತ್ರ ನಡೆಯುವ ಪರವಾನಗಿ. ಅತ್ತೆ ಅಷ್ಟು ಹೊತ್ತಿಗೆ ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದರು. "ಹೋಗವಾ, ಹುಡುಗಿ ದಾರಿ ನೋಡತಿರ್ತೈತಿ" ಎಂದು ಅವರೇ ನನ್ನನ್ನು ಹುರಿದುಂಬಿಸಿದರು. ಹೊರಡುವ ದಿನ ಬುತ್ತಿ ಕಟ್ಟಿಕೊಂಡೆ, ಶೇಂಗಾ ಚಟ್ನಿ, ಮಗಳಿಗೆ ಇಷ್ಟವಾದ ಖಾರ ಬೂಂದಿ. ಭಾವ ಹೊಸ ಹಸಿರು ಪಟ್ಟಿ ತಂದಿದ್ದರು. ನನ್ನನ್ನು ಅತ್ತೆಯ ಮಂಚದ ಮುಂದೆ ನಿಲ್ಲಿಸಿ, ತಲೆಗೆ ಟೊಪ್ಪಿ ಹಾಕಿಕೊಂಡು, ಕಣ್ಣು ಮುಚ್ಚಿ ದುವಾ ಓದಿದರು. ನಾಣ್ಯ ಸುತ್ತಿದ ಪಟ್ಟಿಯನ್ನು ಬುರ್ಖಾದ ತೋಳಿನ ಮೇಲೆ ಬಿಗಿಯಾಗಿ ಕಟ್ಟಿದರು. ಚಪ್ಪಲಿಯ ದಾರ ಕಟ್ಟಿ ರೂಢಿಯಿದ್ದ ಕೈ. ಗಂಟಿನ ಮೇಲೆ ಇನ್ನೊಂದು ಅಡ್ಡ ಗಂಟು ಹಾಕುವುದು ಅವರೊಬ್ಬರದೇ ಪದ್ಧತಿ.

"ಹೋಗಿ ಬಾ ದುಲ್ಹನ್. ಮುಟ್ಟಿದ ಕೂಡ್ಲೆ ಫೋನ್ ಮಾಡು" ಎಂದರು. ನನಗೆ ಕಣ್ಣೀರು ಬಂತು. ಆ ಕಣ್ಣೀರನ್ನು ವಾಪಸು ಪಡೆಯುವ ಹಾಗಿದ್ದರೆ ಇವತ್ತಿಗೂ ಹೋಗಿ ಕೇಳುತ್ತೇನೆ.

ಕಾರಿನಲ್ಲಿ ಚೀಲ ಇಡುತ್ತಿದ್ದೆ. ಓಣಿಯ ತುದಿಯಲ್ಲಿ ಆರೋಗ್ಯದವರ ಗಾಡಿ ಬಂದು ನಿಂತಿತು. ಮೈತುಂಬ ಬಿಳಿ ಉಡುಪು ಹಾಕಿಕೊಂಡವರು ಇಳಿದು ನೇರವಾಗಿ ನಮ್ಮ ಬಾಗಿಲಿಗೇ ಬಂದರು.

"ಈ ಮನ್ಯಾಗ ವಯಸ್ಸಾದವ್ರಿಗೆ ಜ್ವರ, ಕೆಮ್ಮ ಐತೆಂತ್ರಿ. ಯಾರೂ ಹೊರಗ ಹೋಗೂಹಂಗಿಲ್ಲ."

ಒಳಗಿನಿಂದ ಅತ್ತೆ ಕೂಗಿದರು. "ಯಾರಿಗಪಾ ಜ್ವರ? ನನಗ? ನನ್ನ ಮೈ ಮುಟ್ಟಿ ನೋಡ್ರಿ, ನಿಮ್ಮ ಕೈಗಿಂತ ತಂಪೈತಿ."

ಆ ದಿನಗಳಲ್ಲಿ ಮುಟ್ಟಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅವರದ್ದೂ ತಪ್ಪಲ್ಲ. ದೂರು ಬಂದರೆ ಪರೀಕ್ಷೆ ಮಾಡಿಸಲೇಬೇಕು. ಮುರಿದ ಸೊಂಟದ ಮುದುಕಿಯನ್ನು ಆಂಬುಲೆನ್ಸಿನಲ್ಲಿ ಚಿಕ್ಕೋಡಿಗೆ ಕರೆದೊಯ್ದರು. ಮನೆಯ ಮುಂದೆ ಯಾರೂ ದಾಟದಂತೆ ಕ್ವಾರಂಟೈನ್ ಪಟ್ಟಿ ಎಳೆದರು. ಕಾರಿನವನು ನನ್ನ ಚೀಲವನ್ನು ಕಟ್ಟೆಯ ಮೇಲಿಟ್ಟು, ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ಹೊರಟುಹೋದ. ವಿಮಾನ ಹೋಯಿತು, ಅದರ ಜೊತೆ ಪರವಾನಗಿಯೂ ಹೋಯಿತು. ಅತ್ತೆಗೆ ಏನೂ ಇಲ್ಲ ಎಂದು ವರದಿ ಬಂದು ಅವರು ಮನೆಗೆ ಮರಳಿದಾಗ, ಚಿಕ್ಕೋಡಿಯ ರಸ್ತೆಯ ಕುಲುಕಾಟಕ್ಕೆ ನೋವು ಹೆಚ್ಚಾಗಿ ಮತ್ತೆ ಮಂಚ ಹಿಡಿದರು. ಭಾವ ತಲೆಯ ಮೇಲೆ ಕೈ ಹೊತ್ತು ಕೂತು, "ಅಲ್ಲಾನ ಮರ್ಜಿ" ಎಂದರು.

ಅದು ಯಾರ ಮರ್ಜಿ ಎಂದು ಗೊತ್ತಾದದ್ದು ಮನೆಯ ಮುಂದಿನ ಆ ಕ್ವಾರಂಟೈನ್ ಪಟ್ಟಿ ಬಿಚ್ಚುವ ದಿನ. ಆಶಾ ಕಾರ್ಯಕರ್ತೆ ನಮ್ಮ ಓಣಿಯವಳೇ, ನನ್ನ ಹತ್ತಿರ ಕುಪ್ಪಸ ಹೊಲಿಸಿದವಳು. ಮುಖಗವಸಿನ ಹಿಂದಿನಿಂದ ಕಷ್ಟಸುಖ ಮಾತಾಡುತ್ತ, ಅವಳು ಸಹಜವಾಗಿ ಹೇಳಿದಳು. "ಅವತ್ತ ನಿಮ್ಮ ಭಾವನವ್ರ ನಸುಕಿನ್ಯಾಗ ಫೋನ್ ಮಾಡಿದ್ರ ನೋಡ್ರಿ ಅಕ್ಕಾ, ಅವ್ವಗ ಆರಾಮಿಲ್ಲ ಅಂತ. ಪಾಪ, ತಾಯಿ ಮ್ಯಾಲ ಭಾಳ ಜೀವ ಅವರ್ದು."

ನಸುಕಿನಲ್ಲಿ ಫೋನ್ ಮಾಡಿದ್ದರು. ನನ್ನ ತೋಳಿಗೆ ನಾಣ್ಯ ಕಟ್ಟಿದ್ದು ಅದಾದ ಮೇಲೆ. ಅಂದರೆ, ನಾನು ಮುಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಕ್ಷೇಮವಾಗಿ ಮುಟ್ಟು ಎಂದು ಕಣ್ಣು ಮುಚ್ಚಿ ದುವಾ ಓದಿದ್ದರು. ವಿಮಾನ ತಪ್ಪಿಸಿದ್ದನ್ನು ಬೇಕಾದರೆ ಒಂದು ದಿನ ಮರೆಯುತ್ತಿದ್ದೆನೇನೋ. ಆ ದುವಾವನ್ನು ಮರೆಯಲು ಸಾಧ್ಯವಿರಲಿಲ್ಲ. ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ನನ್ನ ಹೊಟ್ಟ್ಯಾಗ ಹುಟ್ಟಿದಾವ ನನ್ನ ಮೈಯಾಗಿನ ಜ್ವರಾನೂ ಸುಳ್ಳ ಹುಟ್ಟಿಸಿದ" ಎಂದರು. ನಾನು ಸಿಟ್ಟಿನಿಂದ ತೋಳಿನ ಗಂಟು ಬಿಚ್ಚಲು ಹೋದೆ. ಅವರು ನನ್ನ ಕೈ ಹಿಡಿದರು.

"ಬಿಚ್ಚಬ್ಯಾಡ. ನೀ ಇನ್ನಾ ಮುಟ್ಟಿಲ್ಲ. ಮುಟ್ಟೂತನಕ ಅದು ತೋಳಮ್ಯಾಲ ಇರ್ಬೇಕು."

ಅದು ಅವರ ಕಾಲದ ಶಾಸ್ತ್ರ. ಅರ್ಧ ದಾರಿಯಲ್ಲಿ ಬಿಚ್ಚಿದರೆ ಪ್ರಯಾಣಕ್ಕೆ ಕೇಡು ಎಂಬ ನಂಬಿಕೆ. ನಾನು ಬಿಚ್ಚಲಿಲ್ಲ. ತೋಳಿನಿಂದ ಜಾರಿಸಿ ತೆಗೆದು, ಗಂಟು ಹಾಗೇ ಇರುವಂತೆ ಕುರ್ತಾದ ಒಳತೋಳಿಗೆ ಹೊಲಿದುಕೊಂಡೆ. ಕುರ್ತಾ ಬದಲಾದಾಗ ಅದನ್ನೂ ಬದಲಿಸಿ ಹೊಲಿದೆ. ಪಟ್ಟಿ ಸವೆದಾಗ ಮೇಲೊಂದು ಹಸಿರು ತುಂಡು ಹಚ್ಚಿದೆ, ಗಂಟನ್ನು ಮಾತ್ರ ಮುಟ್ಟಲಿಲ್ಲ. ರೊಟ್ಟಿ ಬಡಿಯುವಾಗ ನಾಣ್ಯ ತೋಳಿಗೆ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಭಾವನ ಮುಚ್ಚಿದ ಕಣ್ಣು ನೆನಪಾಗುತ್ತಿತ್ತು, ರೊಟ್ಟಿ ತೆಳ್ಳಗೆ ಬರುತ್ತಿತ್ತು.

ಜಗಳ ಯಾಕೆ ತೆಗೆಯಲಿಲ್ಲ ಎಂದು ನನ್ನ ಗಂಡ ಫೋನಿನಲ್ಲಿ ಕೇಳಿದರು. ಜಗಳ ತೆಗೆದರೆ ಅವರು ಎಚ್ಚರವಾಗುತ್ತಾರೆ, ಮುಂದಿನ ಸಲ ಇನ್ನೊಂದು ಫೋನ್ ಮಾಡುತ್ತಾರೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ಚಹಾ ಕೊಟ್ಟೆ, ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಕೊಟ್ಟೆ. ತಾಳಿದವನು ಬಾಳಿಯಾನು ಎಂದು ಶಾಲೆಯಲ್ಲಿ ಕಲಿಸಿದ್ದರು. ತಾಳಿದವಳು ತೀರಿಸಿಕೊಂಡಾಳು ಎಂಬುದನ್ನು ನಾನೇ ಸೇರಿಸಿಕೊಂಡೆ.

ನಡುವೆ ಸಣ್ಣಪುಟ್ಟ ಸುಖಗಳನ್ನೂ ಬಿಡಲಿಲ್ಲ. ಭಾವ ಅಂಗಡಿ ಮುಚ್ಚಿ ಮನೆಯಲ್ಲೇ ಇದ್ದರು, ಅವರ ಜುಬ್ಬಾ ಪೈಜಾಮಗಳ ಗುಂಡಿ, ಹೊಲಿಗೆ ಬಿಟ್ಟದ್ದು ಎಲ್ಲ ನನ್ನ ಮಷಿನ್ನಿಗೆ ಬರುತ್ತಿತ್ತು. ಬಂದಾಗಲೊಮ್ಮೆ ಪಕ್ಕದ ಹೊಲಿಗೆಯನ್ನು ಒಂದು ನೂಲಿನಷ್ಟು ಒಳಗೆ ತೆಗೆದೆ. ಮುಂದಿನ ಸಲ ಇನ್ನೊಂದು ನೂಲು. ಹಬ್ಬದ ಹೊತ್ತಿಗೆ ಜುಬ್ಬಾ ಹೊಟ್ಟೆಯ ಮೇಲೆ ಡೋಲಿನ ಚರ್ಮದಂತೆ ಬಿಗಿಯಿತು. ಭಾವ ಗಾಬರಿಯಾಗಿ ಅನ್ನ ಬಿಟ್ಟರು, ಸಿಹಿ ಬಿಟ್ಟರು, ನಸುಕಿನಲ್ಲೆದ್ದು ಕೃಷ್ಣಾ ಸೇತುವೆಯ ತನಕ ನಡೆಯತೊಡಗಿದರು. ನಸುಕಿನಲ್ಲಿ ಎದ್ದು ಫೋನ್ ಮಾಡುವುದಕ್ಕಿಂತ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು. "ಬರಬರ್ತ ಬಾವು ಬಂದಂಗ ಆಗಾಕತ್ತೈತಿ, ದುಲ್ಹನ್" ಎಂದು ಒಂದು ದಿನ ನನ್ನ ಹತ್ತಿರವೇ ಹೇಳಿಕೊಂಡರು. "ಚಿಂತಿ ಮಾಡಬ್ಯಾಡ್ರಿ ಭಾಯಿಜಾನ್, ಅಲ್ಲಾನ ಮರ್ಜಿ" ಎಂದೆ. ಅತ್ತೆ ಹೊದಿಕೆಯೊಳಗೆ ಮುಖ ಹಾಕಿ ಕೆಮ್ಮಿದರು, ಅದು ಕೆಮ್ಮಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಆದರೆ ನಗು ಅಷ್ಟಕ್ಕೇ. ಮರುವರ್ಷ ಬೇಸಿಗೆಯಲ್ಲಿ ಆ ದೇಶ ನಮ್ಮ ಕಡೆಯ ವಿಮಾನಗಳನ್ನೇ ಬಂದ್ ಮಾಡಿತು. ಬೇರೊಂದು ದೇಶಕ್ಕೆ ಹೋಗಿ ಎರಡು ವಾರ ಇದ್ದು ಬಂದರೆ ಬಿಡುತ್ತೇವೆ ಎಂದರು. ಅಲ್ಲಿಗೆ ಹೋಗುವ ದಾರಿಯನ್ನೂ ಆಮೇಲೆ ಮುಚ್ಚಿದರು. ಅದೇ ಬೇಸಿಗೆಯ ಒಂದು ಮಧ್ಯಾಹ್ನ ಮಗಳು ಫೋನ್ ಮಾಡಿ ಅಳುತ್ತಿದ್ದಳು. ಅಳುತ್ತಲೇ ಹೇಳಿದಳು. ಅವಳು ದೊಡ್ಡವಳಾಗಿದ್ದಳು. ಮನೆಯಲ್ಲಿ ಅಪ್ಪ ಮಾತ್ರ, ಅವರಿಗೆ ಹೇಳಲು ನಾಚಿಕೆ, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನನಗೆ ಫೋನ್ ಮಾಡಿದ್ದಳು. ನನ್ನ ಅಬಾಯಾದ ಕಪಾಟಿನಲ್ಲಿ ಮೆತ್ತನೆಯ ಅರಿವೆ ಎಲ್ಲಿದೆ, ಹೇಗೆ ಮಡಚಬೇಕು ಎಂದು ಸಮುದ್ರದ ಈಚೆ ಕೂತು ಹೇಳಿಕೊಟ್ಟೆ. ಫೋನ್ ಇಟ್ಟ ಮೇಲೆ ನನ್ನ ಕೈ ತಾನಾಗಿ ತೋಳಿನ ನಾಣ್ಯಕ್ಕೆ ಹೋಯಿತು. ಆ ದಿನ ನಾನು ಅಲ್ಲಿರಬೇಕಿತ್ತು. ಇರದಂತೆ ಮಾಡಿದ ಮನುಷ್ಯ ಹೊರಗೆ ಕಟ್ಟೆಯ ಮೇಲೆ ಕೂತು ಕಲ್ಲಂಗಡಿ ತಿನ್ನುತ್ತಿದ್ದರು. ಅವರನ್ನು ಕ್ಷಮಿಸುವ ದಾರಿ ಏನಾದರೂ ಉಳಿದಿದ್ದರೆ ಅದು ಆ ಮಧ್ಯಾಹ್ನ ಮುಚ್ಚಿತು.

ಕೊನೆಗೆ ಲಸಿಕೆ ಹಾಕಿಸಿಕೊಂಡವರಿಗೆ ಬಾಗಿಲು ತೆರೆಯುತ್ತೇವೆ ಎಂದರು. ಅದರಲ್ಲೂ ಒಂದು ಲಸಿಕೆ ಅವರಿಗೆ ಮಾನ್ಯ, ನಮ್ಮಲ್ಲಿ ಹಾಕುತ್ತಿದ್ದ ಇನ್ನೊಂದು ಆಗಿನ್ನೂ ಅಲ್ಲ. ಭಾವ ಹಠಾತ್ತಾಗಿ ಉಪಕಾರಿಯಾದರು. "ರಾಯಬಾಗದಾಗ ನನ್ನ ಪರಿಚಯದವ್ರು ಅದಾರ, ಪಾಳಿ ಇಲ್ಲದ ಹಾಕಸ್ತೇನಿ" ಎಂದು ಸ್ಕೂಟರಿನ ಹಿಂದೆ ಓರಗಿತ್ತಿಯನ್ನೂ ಕೂರಿಸಿಕೊಂಡು, ನನಗೆ ಆಟೋ ಮಾಡಿಸಿ ಕರೆದೊಯ್ದರು. ನಾನು ಕುರ್ಚಿಯಲ್ಲಿ ಕೂತು ತೋಳು ಏರಿಸುವ ಮೊದಲು ಯಾವ ಲಸಿಕೆ ಎಂದು ನರ್ಸ್‌ಬಾಯಿಯನ್ನು ಕೇಳಿದೆ. ಅವರು ಹೇಳಿದ್ದು ಮಾನ್ಯವಲ್ಲದ್ದು. ನಾನು ಎದ್ದೆ.

"ಯಾವುದಾದರೇನು, ಸೂಜಿ ಸೂಜಿನ. ಕೂಡು" ಎಂದರು ಭಾವ.

"ನಾನು ಸೂಜಿ ಹಿಡಿದು ಉಣ್ಣಾಕಿ, ಭಾಯಿಜಾನ್. ಎಲ್ಲಾ ಸೂಜಿ ಒಂದ ಅಲ್ಲ" ಎಂದು ಹೊರಗೆ ಬಂದೆ.

ಆ ದಿನ ಅವರ ಮುಖ ನೋಡಿದೆ. ಗೊತ್ತಿದ್ದೇ ಕರೆತಂದಿದ್ದರು. ನಿಯಮಗಳನ್ನು ಸಂಜೆ ಚಹಾದ ಜೊತೆ ಅವರಿಗೆ ಓದಿ ಹೇಳಿದವಳು ನಾನೇ ತಾನೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ನಮ್ಮ ಮನೆಯ ಪೂಜಾರಿ ಟೊಪ್ಪಿ ಹಾಕಿಕೊಂಡಿದ್ದರು, ಅಷ್ಟೇ ವ್ಯತ್ಯಾಸ. ಆ ಸಂಜೆಯಿಂದ ಚಹಾ ಕೊಟ್ಟೆ, ನಿಯಮ ಹೇಳುವುದನ್ನು ಬಿಟ್ಟೆ.

ಬೇಕಾದ ಲಸಿಕೆಯನ್ನು ಅಥಣಿಯಲ್ಲಿ, ಅತ್ತೆಯ ತವರಿನವರ ನೆರವಿನಿಂದ, ಎರಡು ಸಲವೂ ಅತ್ತೆಯ ಔಷಧದ ನೆಪದಲ್ಲಿ ಹೋಗಿ ಹಾಕಿಸಿಕೊಂಡೆ. ಆರು ತಿಂಗಳ ನಿಯಮವನ್ನು ಕೊನೆಗೂ ಸಡಿಲಿಸಿದ್ದರು, ಆದರೆ ವೀಸಾದ ಅವಧಿಯೇ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ವಿಮಾನ ಶುರುವಾದವು. ಈ ಸಲ ಬುತ್ತಿ ಕಟ್ಟಲಿಲ್ಲ, ಯಾರಿಗೂ ಹೇಳಲಿಲ್ಲ. ಚಿಕ್ಕೋಡಿಗೆ ಅತ್ತೆಯ ಮಾತ್ರೆ ತರಲು ಹೋಗುತ್ತೇನೆ ಎಂದು ಒಂದು ಕೈಚೀಲ ಹಿಡಿದು ಹೊರಟೆ. ಬಟ್ಟೆಗಳ ಚೀಲ ಹಿಂದಿನ ದಿನವೇ ಆಶಾ ಕಾರ್ಯಕರ್ತೆಯ ಮನೆ ಸೇರಿತ್ತು. ಅತ್ತೆ ಮಂಚದ ಮೇಲಿಂದ, ಮಗ ಕೇಳುವ ಹಾಗೆ, "ಮಾತ್ರೆ ಅಲ್ಲಿ ಸಿಗದಿದ್ರ ಮುಂದ ನಿಪ್ಪಾಣಿತನಕಾ ಹೋಗಿ ಬಾ" ಎಂದರು. ಹಾಗೇ ನನ್ನ ತೋಳನ್ನು ಹಿಡಿದು, ಬಟ್ಟೆಯ ಮೇಲಿಂದ ನಾಣ್ಯ ಇದೆಯೇ ಎಂದು ಒತ್ತಿ ನೋಡಿದರು.

ಕಾಗವಾಡದ ದಾರಿ ಭಾವನ ಪರಿಚಯದವರ ದಾರಿ, ಅದು ಬೇಡವೆಂದು ಅಕ್ಕೋಳದ ಒಬ್ಬ ಡ್ರೈವರನ ಕಾರಿನಲ್ಲಿ ಚಿಕ್ಕೋಡಿ, ನಿಪ್ಪಾಣಿಯ ಮೇಲಿಂದ ಹೋದೆ. ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ನಾಕಾದ ಹತ್ತಿರ ಬಂದಾಗ ಲಸಿಕೆಯ ಕಾಗದ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಆಚೆ ರಸ್ತೆಯಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ನಿಲ್ಲಿಸಿ ವರದಿ ಕೇಳುತ್ತಿದ್ದರು, ಗಾಡಿಗಳ ಸಾಲು ಉದ್ದಕ್ಕೂ ನಿಂತಿತ್ತು. ನಮ್ಮನ್ನು ಯಾರೂ ನೋಡಲೂ ಇಲ್ಲ. ಹೋಗುವವರು ಯಾರಿಗೂ ಬೇಕಾಗಿರಲಿಲ್ಲ. "ಹೋಗ್ರಿ ಹೋಗ್ರಿ" ಎಂದು ಪೊಲೀಸ ಕೈ ಬೀಸಿದ. ಅಷ್ಟು ಸಿಹಿಯಾದ ಮಾತನ್ನು ನಾನು ಆ ಒಂದೂವರೆ ವರ್ಷದಲ್ಲಿ ಕೇಳಿರಲಿಲ್ಲ. ಕೊಲ್ಹಾಪುರ ದಾಟಿದ ಮೇಲೆ ಭಾವ ಫೋನ್ ಮಾಡಿದರು, ಎತ್ತಲಿಲ್ಲ.

ಮಸ್ಕತ್ತಿನಲ್ಲಿ ಬಾಗಿಲು ತೆರೆದ ಹುಡುಗಿ ನನ್ನಷ್ಟೇ ಎತ್ತರವಿದ್ದಳು. ನನ್ನದೇ ಒಂದು ಕುರ್ತಾ ಹಾಕಿಕೊಂಡಿದ್ದಳು, ಅದರ ತೋಳು ಅವಳಿಗೆ ಗಿಡ್ಡವಾಗುತ್ತಿತ್ತು. ಮೊದಲ ಕೆಲವು ದಿನ ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಅತ್ತೆ ಫೋನಿನಲ್ಲಿ, "ಮುಟ್ಟಿದೇನವಾ? ನಾಣ್ಯ ಯಾರಿಗಿ ಕೊಟ್ಟಿ?" ಎಂದು ಕೇಳಿದರು.

"ಇನ್ನಾ ಕೊಟ್ಟಿಲ್ಲ ಅಮ್ಮಾ. ಕೊಡೂದು ಭಾಳ ಗರಜು ಇದ್ದ ಬಡವ್ರಿಗೆ ಅಲ್ಲೇನು?"

ಆ ಕಡೆ ಅವರು ಮಂಚದ ಮೇಲೆ ಎದ್ದು ಕೂತ ಸದ್ದು ಕೇಳಿತು. ಆಮೇಲೆ, "ಹೌದು" ಎಂದರು. "ತಡಾ ಆದ್ರೂ ಅಡ್ಡಿಯಿಲ್ಲ. ಸರಿಯಾದವ್ರಿಗೆ ಕೊಡು."

ಮರುವರ್ಷ ರಜೆಗೆ ಮೂವರೂ ಊರಿಗೆ ಬಂದೆವು. ಭಾವ ನಮ್ಮನ್ನು ಸ್ಟೇಷನ್ನಿಗೆ ಬಂದು ಎದುರುಗೊಂಡರು, ನನ್ನ ಮಗಳ ತಲೆಯ ಮೇಲೆ ಕೈಯಿಟ್ಟು ಎಷ್ಟು ದೊಡ್ಡವಳಾಗಿದ್ದಾಳೆ ಎಂದರು. ನಾನು ಹಲ್ಲು ಕಚ್ಚಿ ನಕ್ಕೆ. ಶುಕ್ರವಾರ ಬಂತು. ಅತ್ತೆಗೆ ಹೇಳಿ, ಊರಿನ ಎಲ್ಲ ಹೆಂಗಸರೂ ಹಾಕುವಂಥ ಸಾದಾ ಕರಿ ಬುರ್ಖಾ ಹಾಕಿ, ಮುಖದ ಪರದೆ ಇಳಿಸಿ, ಸ್ಟೇಷನ್ ರಸ್ತೆಗೆ ಹೋದೆ. ಅಂಗಡಿಯ ಮುಂದೆ 'ಅಲ್ಲಾ ಸಲಾಮತ್ ರಖೇ'ಗಳ ಸಾಲು ನಿಂತಿತ್ತು. ನಾನೂ ನಿಂತೆ. ನನ್ನ ಮುಂದಿದ್ದ ಮುದುಕಿಯ ದನಿ ಸಣ್ಣದು, ಅವಳಿಂದ ಮತ್ತೆ ಮತ್ತೆ ಹೇಳಿಸಿದರು. ಮಾಡಲು ಬಂದ ಕೆಲಸದ ಬಗ್ಗೆ ಒಂದು ಚೂರು ಅನುಮಾನವಿದ್ದರೆ ಅದನ್ನು ಆ ಮುದುಕಿಯ ದನಿ ಕಳೆಯಿತು.

ನನ್ನ ಪಾಳಿ ಬಂತು. ಭಾವ ಮುಖ ನೋಡುವವರಲ್ಲ. ಡಬ್ಬಿಯಿಂದ ನಾಣ್ಯ ಎತ್ತಿ ಕೈ ಚಾಚಿ, "ದುವಾ?" ಎಂದರು. ನಾನು ಆ ಕೈಯನ್ನು ಹಿಡಿದು ಅಂಗೈ ಮೇಲೆ ಮಾಡಿ, ಹಸಿರು ಪಟ್ಟಿಯ ಗಂಟನ್ನು ಅದರಲ್ಲಿಟ್ಟೆ.

ಅವರು ಮೊದಲು ಗಂಟು ನೋಡಿದರು. ಗಂಟಿನ ಮೇಲಿನ ಅಡ್ಡ ಗಂಟು. ತಮ್ಮ ಕೈಯ ಕೆಲಸ ತಮಗೆ ಗುರುತಾಗದೇ ಇರುತ್ತದೆಯೇ. ಅವರ ಕುತ್ತಿಗೆಯಿಂದ ಕಿವಿಯ ತನಕ ಕೆಂಪು ಏರಿತು. ನಾನು ಪರದೆ ಎತ್ತಿದೆ.

"ನೀವು ಕಟ್ಟಿದ ಇಮಾಮ್ ಜಾಮಿನ್, ಭಾಯಿಜಾನ್. ನಸುಕಿನ್ಯಾಗ ಫೋನ್ ಮಾಡಿ ಬಂದು ಕಟ್ಟಿದ್ರಲ್ಲ, ಅದು. ನಾ ಮುಟ್ಟೇನಿ. ದಾನ ಕೊಡಬೇಕಲ್ಲ, ನಿಮಗಿಂತ ಗರಜು ಇದ್ದವ್ರು ನನಗ ಯಾರೂ ಸಿಗಲಿಲ್ಲ."

ಸಾಲಿನಲ್ಲಿದ್ದವರು ಕುತ್ತಿಗೆ ಚಾಚಿದರು. ಪಕ್ಕದ ಬಳೆ ಅಂಗಡಿಯವನು ಗಿರಾಕಿಯ ಕೈ ಹಿಡಿದುಕೊಂಡೇ ಇತ್ತ ನೋಡಿದ. ಆ ಊರಿನಲ್ಲಿ ಆ ನಾಣ್ಯ ಯಾರ ಕೈಗೆ ಸೇರುವಂಥದ್ದು ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಭಾವ ಕೈ ಹಿಂದೆಗೆಯಲು ನೋಡಿದರು. ಖೈರಾತನ್ನು, ಅಂದರೆ ದಾನವನ್ನು ನೆಲಕ್ಕೆ ಹಾಕಿದರೆ ಪಾಪ, ವಾಪಸು ಕೊಟ್ಟರೆ ನನ್ನ ಕೈ ಮುಂದೆ ಇರಲಿಲ್ಲ. ಮುಷ್ಟಿ ಮುಚ್ಚಿಕೊಂಡು ಕೂತರು.

"ದುವಾ?" ಎಂದೆ.

ಅವರ ತುಟಿ ಅಲುಗಿತು.

"ಜೋರ್ಲೆ, ಭಾಯಿಜಾನ್."

"ಅಲ್ಲಾ ಸಲಾಮತ್ ರಖೇ" ಎಂದರು ಭಾವ. ಈ ಸಲ ಕಣ್ಣು ತೆರೆದಿತ್ತು.

ನನಗೆ ನಾಚಿಕೆಯಾಯಿತೇ, ಮರುಕ ಬಂತೇ ಎಂದು ಆಮೇಲೆ ನನ್ನ ಗಂಡ ಕೇಳಿದರು. ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಬಿಸಿಲಿನಲ್ಲಿ ನಡೆದು ಮನೆಗೆ ಬಂದಾಗ ಅತ್ತೆ ಕೋಲು ಊರಿಕೊಂಡು ಹೊಸ್ತಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ನನ್ನ ಮಗಳು.

"ಕೊಟ್ಟಿ?"

"ಕೊಟ್ಟೆ ಅಮ್ಮಾ."

"ದುವಾ ಮಾಡಿದ್ನ?"

"ಮಾಡಿದ್ರು. ಬಳಿ ಅಂಗಡಿತನಕಾ ಕೇಳಿಸ್ತು."

ಅತ್ತೆ ನನ್ನ ಖಾಲಿ ತೋಳನ್ನು ಒಮ್ಮೆ ಸವರಿದರು. "ಚಲೋ ಆತು" ಎಂದರು. "ಈಗ ಮುಟ್ಟಿದಿ ನೋಡು. ಒಳಗ ಬಾ."